ಲಿಂಕನ್ ಊಟಕ್ಕೆ ಏನು ಮಾಡುತ್ತಿದ್ದರು?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಶಿಕ್ಷಕ. ಪ್ರತಿ ವರ್ಷ ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಅಬ್ರಹಾಂ ಲಿಂಕನ್ನರ ಸೋಲುಗಳ ಪಟ್ಟಿಯನ್ನು ಓದಿ ಹೇಳುವುದು ನನ್ನ ರೂಢಿ. 1831ರಲ್ಲಿ ವ್ಯಾಪಾರದಲ್ಲಿ ಸೋಲು, 1832ರಲ್ಲಿ ಚುನಾವಣೆಯಲ್ಲಿ ಸೋಲು, 1833ರಲ್ಲಿ ಮತ್ತೆ ವ್ಯಾಪಾರದಲ್ಲಿ ಸೋಲು, 1835ರಲ್ಲಿ ಪ್ರಿಯತಮೆಯ ಸಾವು, 1836ರಲ್ಲಿ ಮಾನಸಿಕ ಕುಸಿತ, ಹೀಗೇ ಸಾಗಿ 1860ರಲ್ಲಿ ರಾಷ್ಟ್ರಾಧ್ಯಕ್ಷ ಎಂದು ಮುಗಿಯುವ ಪಟ್ಟಿ. ಈ ಸಲ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಮೂವತ್ತು ವರ್ಷ ಬರೀ ಸೋತಿದ್ರೆ ಊಟಕ್ಕೆ ಏನು ಮಾಡ್ತಿದ್ರು?” ಎಂದು ಕೇಳಿದಳು. ಇನ್ನೊಬ್ಬ, “ಲಾ ಕಾಲೇಜಿಗೆ ಹೋಗದೇ ವಕೀಲರಾದರಂತೆ, ನಾವೂ ಆಗಬಹುದಾ?” ಎಂದ. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಲು ಹೋದಾಗ ವಕೀಲ ಮಿತ್ರರೊಬ್ಬರು, ಲಿಂಕನ್ ಒಮ್ಮೆ ಗುಲಾಮರ ಒಡೆಯನ ಪರವಾಗಿಯೇ ವಾದಿಸಿದ್ದರು ಎಂದು ಹೇಳಿ ನನ್ನನ್ನು ಇನ್ನಷ್ಟು ಗೊಂದಲಕ್ಕೆ ದೂಡಿದರು. ನಮ್ಮ ಶಾಲೆಯ ಗೋಡೆಯ ಮೇಲೆ, ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದರೆನ್ನುವ ಪತ್ರವನ್ನು ಹಳೆಯ ವಿದ್ಯಾರ್ಥಿಗಳು ಕಟ್ಟು ಹಾಕಿಸಿ ಕೊಟ್ಟಿದ್ದಾರೆ. ಇದರಲ್ಲೆಲ್ಲ ಯಾವುದು ನಿಜ? ಮುಂದಿನ ವರ್ಷ ಮಕ್ಕಳಿಗೆ ಏನು ಹೇಳಲಿ?

ಉತ್ತರ:

ಮಾನ್ಯ ಶಿಕ್ಷಕರೇ, ಮೂರು ದಶಕಗಳ ಕಾಲ ಅಮೆರಿಕದ ಇತಿಹಾಸವನ್ನು ಪಾಠ ಮಾಡಿದ ನನಗೆ ಆ ಹುಡುಗಿಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಲೇಜಿನ ಸಮಾರಂಭವೊಂದರಲ್ಲಿ ನಾನೂ ಇದೇ ಪಟ್ಟಿಯನ್ನು ಓದಿ ಚಪ್ಪಾಳೆ ಗಿಟ್ಟಿಸಿಕೊಂಡವನು. ಆದ್ದರಿಂದ ತಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಆಕೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪಟ್ಟಿ ಮುರಿದು ಬೀಳುವುದು ಅಲ್ಲಿಯೇ.

ಲಿಂಕನ್ 1834, 1836, 1838 ಮತ್ತು 1840ರಲ್ಲಿ ಸತತವಾಗಿ ನಾಲ್ಕು ಬಾರಿ ಇಲಿನಾಯ್ ರಾಜ್ಯದ ಶಾಸನಸಭೆಯ ಕೆಳಮನೆಗೆ ಆಯ್ಕೆಯಾದರು. ವಕೀಲಿ ಸನದು ಪಡೆದ ಮೇಲೆ ರಾಷ್ಟ್ರಾಧ್ಯಕ್ಷರಾಗಿ ವಾಷಿಂಗ್ಟನ್‌ಗೆ ಹೊರಡುವವರೆಗೆ ಸುಮಾರು ಇಪ್ಪತ್ತನಾಲ್ಕು ವರ್ಷ ವಕಾಲತ್ತು ನಡೆಸಿದರು. ಅವರೂ ಅವರ ಪಾಲುದಾರರೂ ನಡೆಸಿದ ಐದು ಸಾವಿರಕ್ಕೂ ಹೆಚ್ಚು ಪ್ರಕರಣಗಳ ದಾಖಲೆಗಳನ್ನು ಸಂಶೋಧಕರು ಹಳೆಯ ನ್ಯಾಯಾಲಯದ ಕಡತಗಳಿಂದ ಹೆಕ್ಕಿ ತೆಗೆದಿದ್ದಾರೆ. ಈ ಎರಡು ವೃತ್ತಿಗಳನ್ನು ಕಿತ್ತುಹಾಕಿ ಉಳಿದ ಚೂರುಗಳನ್ನು ಜೋಡಿಸಿದರೆ ಸಿಗುವುದೇ ತಾವು ಓದುವ ಪಟ್ಟಿ.

ಅದರ ಒಂದೊಂದು ಸಾಲನ್ನೂ ತೂಗಿ ನೋಡೋಣ. 1831ರಲ್ಲಿ ಇಪ್ಪತ್ತೆರಡರ ಲಿಂಕನ್ ನ್ಯೂ ಸೇಲಮ್ ಎಂಬ ಹಳ್ಳಿಗೆ ಬಂದದ್ದು ಇನ್ನೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿ. ದಿವಾಳಿಯೆದ್ದದ್ದು ಆ ಅಂಗಡಿಯ ಮಾಲೀಕ. 1832ರ ಚುನಾವಣೆಯಲ್ಲಿ ಅವರು ಸೋತದ್ದು ನಿಜ, ಹದಿಮೂರು ಅಭ್ಯರ್ಥಿಗಳಲ್ಲಿ ಎಂಟನೆಯವರಾದರು. ಆದರೆ ತಮ್ಮನ್ನು ಬಲ್ಲ, ಸುತ್ತಲಿನ ಹಳ್ಳಿಗರೂ ಸೇರಿ ಮತ ಹಾಕುತ್ತಿದ್ದ ನ್ಯೂ ಸೇಲಮ್ ಮತಗಟ್ಟೆಯಲ್ಲಿ ಚಲಾವಣೆಯಾದ ಸುಮಾರು 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. ಊರಿಗೆ ಬಂದು ಒಂದು ವರ್ಷವಾಗಿದ್ದವನಿಗೆ, ಪ್ರಚಾರದ ಬಹುಭಾಗವನ್ನು ಬ್ಲ್ಯಾಕ್ ಹಾಕ್ ಯುದ್ಧದ ಸ್ವಯಂಸೇವಕ ಪಡೆಯಲ್ಲಿ ಕಳೆದವನಿಗೆ, ಇದನ್ನು ಸೋಲೆನ್ನುವುದಕ್ಕಿಂತ ಪರಿಚಯಪತ್ರ ಎನ್ನುವುದು ನ್ಯಾಯ. 1836ರಲ್ಲಿ ಮಾನಸಿಕ ಕುಸಿತ ಎಂದು ಪಟ್ಟಿ ಹೇಳುತ್ತದೆ. ಆ ವರ್ಷ ಅವರು ತಮ್ಮ ಸ್ಯಾಂಗಮನ್ ಕೌಂಟಿಯ (ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆಯಂಥ ವಿಭಾಗ) ಅಭ್ಯರ್ಥಿಗಳಲ್ಲೆಲ್ಲ ಅತಿ ಹೆಚ್ಚು ಮತ ಪಡೆದು ಗೆದ್ದರು, ಮರುತಿಂಗಳೇ ವಕೀಲಿ ಸನದನ್ನೂ ಪಡೆದರು. 1838ರಲ್ಲಿ ಸಭಾಧ್ಯಕ್ಷ ಸ್ಥಾನಕ್ಕೆ ಸೋತರು ಎನ್ನುವ ಸಾಲು ಸತ್ಯವೇ ಆದರೂ, ಮೂವತ್ತು ತುಂಬುವ ಮೊದಲೇ ಅವರ ಅಂದಿನ ಪಕ್ಷವಾದ ವಿಗ್ ಪಕ್ಷ ಅವರನ್ನು ಆ ಸ್ಥಾನಕ್ಕೆ ನಿಲ್ಲಿಸಿತ್ತೆಂಬುದನ್ನು ಅದು ಹೇಳುವುದಿಲ್ಲ. 1848ರಲ್ಲಿ ಅವರು ಕಾಂಗ್ರೆಸ್ಸಿಗೆ, ಎಂದರೆ ಅಮೆರಿಕದ ಸಂಸತ್ತಿಗೆ, ಮರುಸ್ಪರ್ಧೆ ಮಾಡದಿದ್ದುದು, ಜಿಲ್ಲೆಯ ವಿಗ್ ನಾಯಕರು ಸರದಿಯಂತೆ ಒಬ್ಬೊಬ್ಬರು ಒಂದೊಂದು ಅವಧಿಗೆ ಹೋಗಬೇಕೆಂದು ಮಾಡಿಕೊಂಡಿದ್ದ ಒಡಂಬಡಿಕೆಯಿಂದ. 1855 ಮತ್ತು 1858ರ ಸೆನೆಟ್ ಸೋಲುಗಳು ಮಾತ್ರ ನಿಜವಾದ, ನೋವಿನ ಸೋಲುಗಳು. ಆಗ ಸೆನೆಟರುಗಳನ್ನು ಆರಿಸುತ್ತಿದ್ದುದು ಜನರಲ್ಲ, ರಾಜ್ಯದ ಶಾಸಕರು.

ಅವರ ಮನಸ್ಸು ಎಂದೂ ಕುಗ್ಗಿರಲಿಲ್ಲ ಎಂದು ನನ್ನ ಮಾತಿನ ಅರ್ಥವಲ್ಲ. 1835ರ ಆಗಸ್ಟಿನಲ್ಲಿ, ಪಟ್ಟಿ ಪ್ರಿಯತಮೆ ಎನ್ನುವ ಆನ್ ರಟ್ಲೆಜ್ ತೀರಿಕೊಂಡಾಗ ಅವರ ಸ್ಥಿತಿಯನ್ನು ಕಂಡು ನೆರೆಯವರು ಹೆದರಿದ್ದರು. 1841ರ ಜನವರಿಯಲ್ಲಿ, ಮುಂದೆ ಪತ್ನಿಯಾದ ಮೇರಿ ಟಾಡ್ ಜೊತೆಗಿನ ಸಂಬಂಧ ಮುರಿದಾಗ, ಬದುಕಿರುವವರಲ್ಲೆಲ್ಲ ತಾನೇ ಅತ್ಯಂತ ದುಃಖಿ ಎಂದು ವಕೀಲಿ ವೃತ್ತಿಯ ಪಾಲುದಾರ ಸ್ಟುವರ್ಟರಿಗೆ ಬರೆದರು. ಆ ದುಃಖ ಸಾಚಾ. ಪಟ್ಟಿ ತಪ್ಪುವುದು ಅದರ ಇಸವಿಯಲ್ಲಿ, ಮತ್ತು ಅದನ್ನು ಅಂಗಡಿಯ ದಿವಾಳಿಯ ಸಾಲಿನಲ್ಲಿ ನಿಲ್ಲಿಸಿ ಎರಡಕ್ಕೂ ಸಮನಾದ ಅಂಕ ಕೊಡುವುದರಲ್ಲಿ.

ಇನ್ನು ಊಟದ ವಿಚಾರ. ಪಟ್ಟಿಯಲ್ಲಿರುವ ಎರಡನೆಯ ವ್ಯಾಪಾರದ ಸೋಲು ಪೂರಾ ನಿಜ. ವಿಲಿಯಂ ಬೆರಿ ಎಂಬುವರೊಡನೆ ಪ್ರಾಮಿಸರಿ ನೋಟು ಬರೆದುಕೊಟ್ಟು ಕೊಂಡ ಅಂಗಡಿ ಮುಳುಗಿತು, 1835ರ ಆರಂಭದಲ್ಲಿ ಬೆರಿ ಸತ್ತರು, ಸುಮಾರು 1,100 ಡಾಲರ್ ಸಾಲ ಲಿಂಕನ್ನರೊಬ್ಬರ ತಲೆಯ ಮೇಲೆ ಬಂತು. ಅದನ್ನು ಅವರು ತಮಾಷೆಗೆ ‘ರಾಷ್ಟ್ರೀಯ ಸಾಲ’ ಎನ್ನುತ್ತಿದ್ದರು. ಅಷ್ಟರಲ್ಲಿ 1833ರ ಮೇ ತಿಂಗಳಲ್ಲಿ ಹಳ್ಳಿಯ ಪೋಸ್ಟ್‌ಮಾಸ್ಟರ್ ಹುದ್ದೆ ಸಿಕ್ಕಿತ್ತು. ಸಂಪಾದನೆ ಅಲ್ಪವಾದರೂ ಬಂದ ಪತ್ರಿಕೆಗಳನ್ನೆಲ್ಲ ಬಿಟ್ಟಿಯಾಗಿ ಓದಬಹುದಿತ್ತು. ಅದರ ಹಿಂದೆಯೇ ಕೌಂಟಿಯ ಸಹಾಯಕ ಸರ್ವೆಯರ್ ಕೆಲಸ ಬಂತು. ಲೆಕ್ಕವನ್ನೂ ಕ್ಷೇತ್ರಗಣಿತವನ್ನೂ ಪುಸ್ತಕ ನೋಡಿ ಕಲಿತು, ದಿಕ್ಸೂಚಿ ಮತ್ತು ಸರಪಳಿ ಹಿಡಿದು ಹೊಲಗಳ ಗಡಿ ಅಳೆದರು, ಹೊಸ ಊರುಗಳ ನಕ್ಷೆ ಬರೆದರು. ಒಮ್ಮೆ ಸಾಲ ಬರಬೇಕಿದ್ದವರೊಬ್ಬರು ಕೋರ್ಟಿಗೆ ಹೋಗಿ ಅವರ ಕುದುರೆಯನ್ನೂ ಸರ್ವೆ ಸಲಕರಣೆಯನ್ನೂ ಜಪ್ತಿ ಮಾಡಿಸಿದರು. ಹರಾಜಿನಲ್ಲಿ ಜೇಮ್ಸ್ ಶಾರ್ಟ್ ಎಂಬ ನೆರೆಯವರು ಅವನ್ನು ತಾವೇ ಕೂಗಿ ಕೊಂಡು ಲಿಂಕನ್ನರಿಗೆ ಹಿಂದಿರುಗಿಸಿದರು. ಹುಡುಗಿಗೆ ಉತ್ತರವಾಗಿ ತಾವು ಒಂದೇ ಒಂದು ಪ್ರಸಂಗ ಹೇಳುವುದಾದರೆ ಇದನ್ನು ಹೇಳಿ ಎಂಬುದು ನನ್ನ ಬಿನ್ನಹ. 1834ರಲ್ಲಿ ಅವರನ್ನು ಶಾಸನಸಭೆಗೆ ಕಳಿಸಿದ್ದು ಈ ಅಂಚೆ, ಈ ಸರಪಳಿ, ಈ ನೆರೆಹೊರೆ. ಮನೆಮನೆಯ ಬಾಗಿಲಿಗೆ ಕಾಗದ ಮುಟ್ಟಿಸಿದವನನ್ನು, ಅಣ್ಣತಮ್ಮಂದಿರ ನಡುವಿನ ಗಡಿ ಅಳೆದುಕೊಟ್ಟವನನ್ನು ಕೌಂಟಿಯಲ್ಲಿ ತಿಳಿಯದವರು ಯಾರು?

ಗೆದ್ದ ಮೇಲೂ ಕೈಯಲ್ಲಿ ಕಾಸಿರಲಿಲ್ಲ. ಅಂದಿನ ರಾಜಧಾನಿ ವ್ಯಾಂಡೇಲಿಯಾಕ್ಕೆ ಹೊರಡುವ ಮುನ್ನ ಪರಿಚಯದ ರೈತರೊಬ್ಬರ ಬಳಿ 200 ಡಾಲರ್ ಕೈಸಾಲ ಮಾಡಿ, ಅದರಲ್ಲಿ 60 ಡಾಲರ್ ಕೊಟ್ಟು ಸೂಟು ಹೊಲಿಸಿಕೊಂಡರು. ಶಾಸಕರಿಗೆ ಸಂಬಳವೆಂಬುದು ಇರಲಿಲ್ಲ. ಅಧಿವೇಶನ ನಡೆದಷ್ಟು ದಿನ ದಿನಭತ್ಯೆ, ಜೊತೆಗೆ ಪ್ರಯಾಣದ ವೆಚ್ಚ, ಅಷ್ಟೆ. ಅಧಿವೇಶನವೂ ಚಳಿಗಾಲದ ಕೆಲವು ವಾರಗಳದ್ದು, ಹೊಲಗೆಲಸವಿಲ್ಲದ ಸಮಯ. ಆದ್ದರಿಂದಲೇ ಆ ಕಾಲದ ಶಾಸಕರಲ್ಲಿ ರೈತರು ಮತ್ತು ವಕೀಲರದೇ ದೊಡ್ಡ ಪಾಲು. ಶಾಸಕತನ ಅಲ್ಲಿ ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ, ಹೊಟ್ಟೆಪಾಡಿಗೆ ಇನ್ನೊಂದು ಕಸುಬು ಬೇಕೇ ಬೇಕಿತ್ತು. ಇಷ್ಟು ತಿಳಿದರೆ ಲಿಂಕನ್ ವಕೀಲರಾದದ್ದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಸಹಶಾಸಕರಾಗಿದ್ದ ಜಾನ್ ಟಾಡ್ ಸ್ಟುವರ್ಟ್ ಎಂಬ ವಕೀಲರು ಓದು ಎಂದು ಪ್ರೋತ್ಸಾಹಿಸಿ ತಮ್ಮ ಕಾನೂನು ಪುಸ್ತಕಗಳನ್ನು ಎರವಲು ಕೊಟ್ಟರು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಲಿಂಕನ್ ಲಾ ಕಾಲೇಜಿಗೆ ಹೋಗಲಿಲ್ಲ ಎನ್ನುವುದು ನಿಜ, ಆದರೆ ಅದು ಅವರೊಬ್ಬರ ಸಾಹಸವಲ್ಲ. ಆ ಕಾಲದ ಅಮೆರಿಕದ ವಕೀಲರಲ್ಲಿ ಬಹುಪಾಲು ಜನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು, ಪತ್ರಗಳ ನಕಲು ಮಾಡುತ್ತ, ಓದುತ್ತ ಕಲಿತವರು. ಲಿಂಕನ್ನರದು ಸ್ವಲ್ಪ ಭಿನ್ನ, ಅವರು ಯಾರ ಕೈಕೆಳಗೂ ಕೂರದೆ ಒಬ್ಬರೇ ಓದಿದರು. ಪದ್ಧತಿಯೂ ಇತ್ತು: 1836ರ ಮಾರ್ಚಿನಲ್ಲಿ ಕೌಂಟಿಯ ನ್ಯಾಯಾಲಯ ಅವರು ಸಚ್ಚಾರಿತ್ರ್ಯದವರೆಂದು ದೃಢೀಕರಿಸಿತು, ಸೆಪ್ಟೆಂಬರ್ 9ರಂದು ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಂದ ಸನದು ದೊರೆಯಿತು, 1837ರ ಮಾರ್ಚ್ 1ರಂದು ವಕೀಲರ ಪಟ್ಟಿಯಲ್ಲಿ ಹೆಸರು ನೋಂದಣಿಯಾಯಿತು. ಮುಂದೆ 1855ರಲ್ಲಿ ಕಾನೂನು ಕಲಿಯಬಯಸಿದ ಯುವಕನೊಬ್ಬನಿಗೆ ಬರೆದ ಪತ್ರದಲ್ಲಿ ಅವರು, ವಕೀಲನಾಗಲೇಬೇಕೆಂಬ ದೃಢ ನಿಶ್ಚಯವಿದ್ದರೆ ಕೆಲಸ ಅರ್ಧಕ್ಕಿಂತ ಹೆಚ್ಚು ಆದಂತೆಯೇ, ತಾನು ಓದಿದ ನ್ಯೂ ಸೇಲಮಿನಲ್ಲಿ ಎಂದೂ ಮುನ್ನೂರು ಜನ ಇರಲಿಲ್ಲ ಎಂದಿದ್ದಾರೆ. ನಮ್ಮ ನಾಡಿನಲ್ಲೂ ಪದವಿಯಿಲ್ಲದೆ ಪ್ಲೀಡರ್ ಪರೀಕ್ಷೆ ಕಟ್ಟಿ ವಕಾಲತ್ತು ನಡೆಸಿದವರು ಹಿಂದೆ ಇದ್ದರು. ಇಂದು ಆ ದಾರಿ ಮುಚ್ಚಿದೆ. 1961ರ ವಕೀಲರ ಕಾಯಿದೆಯ ಪ್ರಕಾರ ಬಾರ್ ಕೌನ್ಸಿಲ್ ಮನ್ನಣೆ ನೀಡಿದ ಕಾನೂನು ಪದವಿ ಬೇಕು: ಪಿಯುಸಿ ನಂತರ ಐದು ವರ್ಷ, ಅಥವಾ ಬೇರೆ ಪದವಿಯ ನಂತರ ಮೂರು ವರ್ಷ. ನೋಂದಣಿಯ ಜೊತೆಗೆ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಲಿಂಕನ್ನರ ಕಥೆ ಕೇಳಿ ಕಾಲೇಜು ಬೇಡವೆಂದು ಹುಡುಗ ತೀರ್ಮಾನಿಸಿದರೆ ನಷ್ಟ ಅವನದೇ. ಇದನ್ನು ಅವನಿಗೆ ನೇರವಾಗಿ ಹೇಳಿಬಿಡಿ.

ಶಾಸಕ ಲಿಂಕನ್ನರ ಬಗ್ಗೆ ನಮ್ಮಲ್ಲಿ ಯಾರೂ ಮಾತನಾಡುವುದಿಲ್ಲ, ಅದಕ್ಕೆ ಕಾರಣವೂ ಇದೆ. ಅಲ್ಲಿ ಅವರು ಗೋಡೆಗೆ ಹಾಕುವ ಚಿತ್ರಕ್ಕೆ ಹೊಂದುವುದಿಲ್ಲ. ಸ್ಯಾಂಗಮನ್ ಕೌಂಟಿಯಿಂದ ಎರಡೂ ಸದನಗಳಿಗೆ ಆರಿಸಿ ಬಂದ ಒಂಬತ್ತು ಮಂದಿಯೂ ಆರಡಿಯ ಆಸುಪಾಸಿನ ಆಳುಗಳಾದ್ದರಿಂದ ಅವರಿಗೆ ‘ಉದ್ದನೆಯ ಒಂಬತ್ತು’ ಎಂದು ಹೆಸರು ಬಿದ್ದಿತ್ತು. 1837ರ ಫೆಬ್ರವರಿ 28ರಂದು ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ತಮ್ಮ ಸ್ಪ್ರಿಂಗ್‌ಫೀಲ್ಡಿಗೆ ಸಾಗಿಸುವ ನಿರ್ಣಯವನ್ನು ಈ ಗುಂಪು ಗೆಲ್ಲಿಸಿಕೊಂಡಿತು. ಅದೇ ಅಧಿವೇಶನದಲ್ಲಿ ರೈಲುದಾರಿ, ಕಾಲುವೆ, ನದಿಸಂಚಾರಗಳಿಗಾಗಿ ಸುಮಾರು ಒಂದು ಕೋಟಿ ಡಾಲರ್ ವೆಚ್ಚದ ಯೋಜನೆಗೂ ಅವರು ಮತ ಹಾಕಿದರು. ನಿಮ್ಮೂರಿಗೆ ರೈಲು, ನಮ್ಮೂರಿಗೆ ರಾಜಧಾನಿ ಎಂಬ ಕೊಡುಕೊಳ್ಳುವಿಕೆ ನಡೆಯಿತೆಂದು ವಿರೋಧಿಗಳು ಆಗಲೇ ದೂರಿದರು. ಎಷ್ಟರ ಮಟ್ಟಿಗೆ ನಡೆಯಿತೆಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅದೇ ವರ್ಷ ದೇಶವನ್ನು ಅಪ್ಪಳಿಸಿದ ಹಣಕಾಸಿನ ಮುಗ್ಗಟ್ಟಿನಲ್ಲಿ ಯೋಜನೆ ಕುಸಿಯಿತು, ರಾಜ್ಯ ಕೆಲವೇ ವರ್ಷಗಳಲ್ಲಿ ಬಡ್ಡಿ ಕಟ್ಟಲಾಗದ ಸ್ಥಿತಿಗೆ ಬಂತು. ಲಿಂಕನ್ ಆ ಯೋಜನೆಯನ್ನು ಬಹುಕಾಲ ಬಿಟ್ಟುಕೊಡಲಿಲ್ಲ. 1840ರ ಡಿಸೆಂಬರಿನಲ್ಲಿ ಸ್ಟೇಟ್ ಬ್ಯಾಂಕನ್ನು ಉಳಿಸಿಕೊಳ್ಳಲು ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮುರಿಯಬೇಕೆಂದು ಸಂಗಡಿಗರೊಡನೆ ಸಭೆಯ ಕಿಟಕಿಯಿಂದ ಹೊರಗೆ ಧುಮುಕಿದರು. ಅಷ್ಟರಲ್ಲಿ ಹಾಜರಿ ದಾಖಲಾಗಿತ್ತು, ಧುಮುಕಿದ್ದು ವ್ಯರ್ಥವಾಯಿತು, ಊರ ಬಾಯಿಗೆ ತಮಾಷೆಯಾದರು. ಕೋರಂ ಎಂಬ ಪದವನ್ನು ಪೌರನೀತಿಯಲ್ಲಿ ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ರಾಜಧಾನಿ ಬಂದದ್ದರಿಂದ ವಕೀಲ ಲಿಂಕನ್ನರಿಗೂ ಅನುಕೂಲವಾಯಿತು. 1837ರ ಏಪ್ರಿಲ್ 15ರಂದು ಎರವಲು ಕುದುರೆಯೇರಿ ಅವರು ಸ್ಪ್ರಿಂಗ್‌ಫೀಲ್ಡಿಗೆ ಬಂದಾಗ ಅದು ಸುಮಾರು ಒಂದೂವರೆ ಸಾವಿರ ಜನರ ಕೆಸರುಬೀದಿಗಳ ಊರು. ಹಾಸಿಗೆ ಕೊಳ್ಳಲು 17 ಡಾಲರ್ ಬೇಕೆಂದಾಗ ಅಷ್ಟು ಹಣವಿಲ್ಲದೆ, ಅಂಗಡಿಯ ಜೋಷುವಾ ಸ್ಪೀಡ್ ಅವರ ಮಾಳಿಗೆಯ ಮಂಚದಲ್ಲೇ ಪಾಲು ಪಡೆದರು. ಇಂಥ ಊರಿಗೆ ರಾಜ್ಯದ ಸುಪ್ರೀಂ ಕೋರ್ಟೂ ಫೆಡರಲ್ ನ್ಯಾಯಾಲಯವೂ ಬಂದುವೆಂದರೆ ಅಲ್ಲಿನ ವಕೀಲರ ಪಾಲಿಗೆ ಕೆಲಸವೇ ಮನೆಬಾಗಿಲಿಗೆ ಬಂದಂತೆ. ಮುಂದೆ ಸುಪ್ರೀಂ ಕೋರ್ಟಿನಲ್ಲೇ ಲಿಂಕನ್ ನಾನೂರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕಾಣಿಸಿಕೊಂಡರು. ಮೊದಲು ಸ್ಟುವರ್ಟ್, 1841ರಿಂದ ಸ್ಟೀಫನ್ ಲೋಗನ್, 1844ರಿಂದ ವಿಲಿಯಂ ಹರ್ಂಡನ್ ಪಾಲುದಾರರಾದರು. ಹರ್ಂಡನ್ ಜೊತೆ ಫೀಸನ್ನು ಸಮಪಾಲು ಹಂಚಿಕೊಳ್ಳುತ್ತಿದ್ದರು. ಒಂದು ಪ್ರಕರಣಕ್ಕೆ ಐದೋ ಹತ್ತೋ ಇಪ್ಪತ್ತೋ ಡಾಲರ್, ಕೆಲವು ಸಲ ಹಣದ ಬದಲು ಸಾಮಾನು. ಕೆಲಸದ ಬಹುಭಾಗ ಸಾಲ ವಸೂಲಿ. ಸರ್ವೆ ಸರಪಳಿಯನ್ನೇ ಜಪ್ತಿಗೆ ಕಳೆದುಕೊಂಡಿದ್ದವರು ಇನ್ನೊಬ್ಬರ ಬಾಕಿಯನ್ನು ದಾವೆ ಹೂಡಿ ವಸೂಲು ಮಾಡಿಕೊಡುತ್ತ ತಮ್ಮ ಹಳೆಯ ಸಾಲವನ್ನು ತೀರಿಸಿದರು ಎಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ವರ್ಷಕ್ಕೆ ಎರಡು ಬಾರಿ, ವಸಂತದಲ್ಲೂ ಶರತ್ಕಾಲದಲ್ಲೂ, ವಾರಗಟ್ಟಲೆ ಸಂಚಾರ. ಎಂಟನೆಯ ನ್ಯಾಯವಲಯವೆಂಬುದು ಒಂದು ಹಂತದಲ್ಲಿ ಹದಿನಾಲ್ಕು ಕೌಂಟಿಗಳಷ್ಟು ಹರಡಿತ್ತು. ನ್ಯಾಯಾಧೀಶ ಡೇವಿಡ್ ಡೇವಿಸ್ ಊರಿಂದ ಊರಿಗೆ ಹೊರಟರೆ ವಕೀಲರ ತಂಡ ಬೆನ್ನಿಗೇ ಹೊರಡುತ್ತಿತ್ತು. ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಬಳಿ ಕಕ್ಷಿದಾರ ಸಿಕ್ಕಿ, ಮಧ್ಯಾಹ್ನ ವಾದ ನಡೆದು, ರಾತ್ರಿ ಎದುರು ವಕೀಲರೊಡನೆ ಒಂದೇ ಹಾಸಿಗೆಯಲ್ಲಿ ಮಲಗುವ ಬದುಕು. ಭಾರೀ ಗಾತ್ರದ ಡೇವಿಸ್ ಅವರಿಗೆ ಮಾತ್ರ ಪ್ರತ್ಯೇಕ ಹಾಸಿಗೆ. ಮುಂದೆ 1860ರ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಲಿಂಕನ್ನರನ್ನು ಅಭ್ಯರ್ಥಿಯಾಗಿಸಲು ದುಡಿದವರ ಮುಂದಾಳು ಈ ಡೇವಿಸ್ಸರೇ. 1850ರ ದಶಕದಲ್ಲಿ ರೈಲು ಕಂಪನಿಗಳ ಕೆಲಸ ಬಂತು. ತೆರಿಗೆ ಪ್ರಕರಣವೊಂದಕ್ಕೆ ಇಲಿನಾಯ್ ಸೆಂಟ್ರಲ್ ರೈಲ್ವೆಯಿಂದ 5,000 ಡಾಲರ್ ಫೀಸು ಪಡೆಯಲು ತಮ್ಮ ಕಕ್ಷಿದಾರರ ಮೇಲೆಯೇ 1857ರಲ್ಲಿ ದಾವೆ ಹೂಡಿ ಗೆದ್ದರು. ಮೂವತ್ತು ವರ್ಷ ಸೋತೇ ಬದುಕಿದರು ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ತಮ್ಮ ವಕೀಲ ಮಿತ್ರರು ಹೇಳಿದ್ದು ಸುಳ್ಳಲ್ಲ, ಅದನ್ನು ಮರೆಮಾಚಬಾರದು. 1847ರಲ್ಲಿ ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ಎಂಬ ಜಮೀನುದಾರ ಇಲಿನಾಯ್‌ನ ಹೊಲದಲ್ಲಿ ದುಡಿಸಲು ಕರೆತಂದಿದ್ದ ಜೇನ್ ಬ್ರಯಂಟ್ ಎಂಬಾಕೆಯನ್ನೂ ಆಕೆಯ ಮಕ್ಕಳನ್ನೂ ಗುಲಾಮರೆಂದು ಮರಳಿ ಪಡೆಯಲು ಹೊರಟಾಗ, ಲಿಂಕನ್ ಅವನ ಪರ ವಾದಿಸಿದರು ಮತ್ತು ಸೋತರು. ಆ ತಾಯಿ ಮಕ್ಕಳು ಸ್ವತಂತ್ರರಾದರು. ಇದೇ ಲಿಂಕನ್ 1841ರಲ್ಲಿ ಬೇಲಿ ವಿರುದ್ಧ ಕ್ರಾಮ್‌ವೆಲ್ ಪ್ರಕರಣದಲ್ಲಿ, ನಾನ್ಸ್ ಎಂಬ ಕಪ್ಪು ಯುವತಿಯನ್ನು ಮಾರಿದ ವ್ಯವಹಾರ ಸಿಂಧುವಲ್ಲವೆಂದು ವಾದಿಸಿ ಗೆದ್ದಿದ್ದರು. ಇಲಿನಾಯ್‌ನಲ್ಲಿ ಪ್ರತಿಯೊಬ್ಬರನ್ನೂ ಸ್ವತಂತ್ರರೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಹಿಂದೆ, 1837ರ ಮಾರ್ಚ್ 3ರಂದು, ಗುಲಾಮಗಿರಿ ಅನ್ಯಾಯದ ಮತ್ತು ಕೆಟ್ಟ ನೀತಿಯ ತಳಹದಿಯ ಮೇಲೆ ನಿಂತಿದೆ ಎಂದು ಶಾಸನಸಭೆಯ ಕಡತದಲ್ಲಿ ಪ್ರತಿಭಟನೆ ದಾಖಲಿಸಿದ್ದು ಲಿಂಕನ್ ಮತ್ತು ಡ್ಯಾನ್ ಸ್ಟೋನ್ ಎಂಬ ಇಬ್ಬರೇ. ಆ ಪತ್ರದಲ್ಲೇ, ನಿರ್ಮೂಲನಾವಾದಿಗಳ ಪ್ರಚಾರ ಕೇಡನ್ನು ಹೆಚ್ಚಿಸುತ್ತದೆ ಎಂಬ ಎಚ್ಚರಿಕೆಯ ಸಾಲೂ ಇದೆ. ಬಂದ ಕಕ್ಷಿದಾರನ ಕೆಲಸ ಹಿಡಿಯುವುದು ಅಂದಿನ ಸಣ್ಣ ಊರಿನ ವಕೀಲರ ರೂಢಿಯಾಗಿತ್ತು ಎಂಬುದು ಮ್ಯಾಟ್ಸನ್ ಪ್ರಕರಣಕ್ಕೆ ಕೊಡುವ ಸಾಮಾನ್ಯ ವಿವರಣೆ. ಅದು ವಿವರಣೆಯಾಗಬಹುದು, ನನ್ನ ಮಟ್ಟಿಗೆ ಸಮರ್ಥನೆಯಾಗುವುದಿಲ್ಲ. ಬೇಡವೆನ್ನಲು ಅವರಿಗೆ ಅವಕಾಶವಿತ್ತು.

ಗೋಡೆಯ ಪತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಿಂಕನ್ನರ ಉಳಿದುಬಂದ ಕಾಗದಪತ್ರಗಳಲ್ಲಿ ಅದಿಲ್ಲ, ಮೂಲಪ್ರತಿಯನ್ನು ಯಾರೂ ತೋರಿಸಿಲ್ಲ, ಅದರ ಭಾಷೆಯೂ ಅವರದಲ್ಲ. ಅದು ಅವರದೆನ್ನಲು ಯಾವ ಆಧಾರವೂ ಇಲ್ಲ.

ಮುಂದಿನ ವರ್ಷ ಏನು ಮಾಡಬಹುದು? ಪಟ್ಟಿಯನ್ನೂ ಪತ್ರವನ್ನೂ ಸದ್ದಿಲ್ಲದೆ ಕೈಬಿಡುವುದು ಸುಲಭ. ಆದರೆ ಕಟ್ಟು ಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ ಅದು ಅವಮಾನವೆನಿಸಬಹುದು, ಮತ್ತು ಖಾಲಿಯಾದ ಜಾಗಕ್ಕೆ ವಾಟ್ಸಾಪ್‌ನಿಂದ ಅದೇ ಪಟ್ಟಿ ಮತ್ತೆ ಬಂದು ಕೂರುತ್ತದೆ. ಸುಳ್ಳಾದರೂ ಸಂದೇಶ ಒಳ್ಳೆಯದಲ್ಲವೇ ಎಂದು ಮುಂದುವರಿಸುವುದು ಇನ್ನೊಂದು ದಾರಿ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇದನ್ನೇ ಹಿಡಿದಿದ್ದರು. ಇದರಲ್ಲಿರುವ ಅಪಾಯ ದೊಡ್ಡದು. ಇಂದು ಮೊಬೈಲಿನಲ್ಲಿ ಹುಡುಕಿ ನೋಡಿದ ಮಗು ನಾಳೆ ತಮ್ಮ ಉಳಿದ ಪಾಠವನ್ನೂ ಅನುಮಾನಿಸುತ್ತದೆ. ಅದಲ್ಲದೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಈ ಪಟ್ಟಿ ಹೇಳುವುದಾದರೂ ಏನು? ಸೋಲುತ್ತಲೇ ಇರು, ಒಂದು ದಿನ ದೊಡ್ಡದೇನೋ ಬಂದು ಕೈಸೇರುತ್ತದೆ ಎಂದು. ಅದು ಲಾಟರಿ ಕೊಳ್ಳುವವನಿಗೆ ಹೇಳುವ ಮಾತು.

ನಾನು ತಮ್ಮ ಸ್ಥಾನದಲ್ಲಿದ್ದರೆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಬೀಳ್ಕೊಡುಗೆಯ ದಿನದ ಬದಲು ಅದಕ್ಕೊಂದು ತಿಂಗಳ ಮೊದಲು, ತರಗತಿಯಲ್ಲೇ ಮಕ್ಕಳ ಮುಂದೆ ಇಡುತ್ತಿದ್ದೆ. ಆಚೆ ಬದಿಯಲ್ಲಿ ಅದೇ ವರ್ಷ ನಡೆದ ಇತರ ಸಂಗತಿಗಳನ್ನು ಅವರಿಂದಲೇ ಬರೆಸುತ್ತಿದ್ದೆ: 1833 ಅಂಚೆ ಮತ್ತು ಸರ್ವೆ, 1834 ಶಾಸಕ, 1836 ಸನದು, 1837 ರಾಜಧಾನಿ. ಇದರಲ್ಲೂ ತೊಡಕಿದೆ. ಸಿದ್ಧತೆಗೆ ಸಮಯ ಬೇಕು, ಮ್ಯಾಟ್ಸನ್ ವಿಷಯ ಬಂದಾಗ ಕೆಲವು ಮಕ್ಕಳಿಗೆ ಬೇಸರವಾಗುತ್ತದೆ, ಮಹಾಪುರುಷರನ್ನು ಕೀಳಾಗಿ ತೋರಿಸಿದಿರೆಂದು ಪಾಲಕರೊಬ್ಬರಾದರೂ ದೂರು ತರಬಹುದು. ಅಂಥ ದೂರು ನನಗೂ ಎರಡು ಸಲ ಬಂದಿತ್ತು, ಕುಳಿತು ಮಾತನಾಡಿದ ಮೇಲೆ ಇಬ್ಬರೂ ಸಮಾಧಾನದಿಂದ ಎದ್ದು ಹೋದರು. ಕಟ್ಟನ್ನು ಇಳಿಸುವ ಅಗತ್ಯವಿಲ್ಲ. ಅದರ ಮಾತುಗಳು ಮಕ್ಕಳಿಗೆ ಹಿಡಿಸಿದ್ದರೆ ಇರಲಿ, ಕೆಳಗಿನ ಹೆಸರಿನ ಮೇಲೆ ‘ಬರೆದವರು ತಿಳಿದಿಲ್ಲ’ ಎಂಬ ಚೀಟಿ ಅಂಟಿಸಿ. ಹಳೆಯ ವಿದ್ಯಾರ್ಥಿಗಳಿಗೆ ಮೊದಲೇ ಒಂದು ಮಾತು ತಿಳಿಸಿರಿ.

ಅವರದೇ ಮಾತು ಗೋಡೆಯ ಮೇಲೆ ಇರಲೇಬೇಕೆಂದಿದ್ದರೆ, ವಕೀಲರಿಗಾಗಿ ಲಿಂಕನ್ ಬರೆದಿಟ್ಟಿದ್ದ ಉಪನ್ಯಾಸದ ಟಿಪ್ಪಣಿಯೊಂದಿದೆ, ಅದು ನಿಸ್ಸಂದೇಹವಾಗಿ ಅವರದು. ವ್ಯಾಜ್ಯಕ್ಕೆ ಉತ್ತೇಜನ ಕೊಡಬೇಡಿ, ಸಾಧ್ಯವಾದಾಗಲೆಲ್ಲ ರಾಜಿಯಾಗುವಂತೆ ನೆರೆಯವರ ಮನವೊಲಿಸಿ, ಆಮೇಲೂ ವಕೀಲನಿಗೆ ಬೇಕಾದಷ್ಟು ಕೆಲಸ ಉಳಿದೇ ಇರುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ತಮ್ಮ ವಕೀಲ ಮಿತ್ರರನ್ನು ಒಂದು ದಿನ ತರಗತಿಗೆ ಕರೆಸಿ, ಈ ಟಿಪ್ಪಣಿ ತಾಲ್ಲೂಕು ಕೋರ್ಟಿನಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಆ ಹುಡುಗಿಯಿಂದಲೇ ಕೇಳಿಸಿ.